ಚಿಕ್ಕಮ್ಮ ನಿಲ್ಲಿಸಿದ ನಳಿಕೆ

ತಪ್ಪು ಹುಡುಕುವುದು ನನ್ನ ಕೆಲಸ. ಹದಿನೆಂಟು ವರ್ಷದಿಂದ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದೇನೆ. ಹೀಗಾಗಿ ಯಾರನ್ನಾದರೂ ಹೊಗಳಬೇಕೆಂದರೆ ನನ್ನ ನಾಲಿಗೆ ಸುಲಭಕ್ಕೆ ಹೊರಳುವುದಿಲ್ಲ. ಮನೆಯಲ್ಲಿ ನನಗೆ ಕೊಂಕುಬುದ್ಧಿ ಎನ್ನುತ್ತಾರೆ, ಅನ್ನಲಿ. ಚಿಕ್ಕಮ್ಮನ ವಿಷಯ ಬಂದಾಗ ಮಾತ್ರ ನಾನು ನಾಚಿಕೆ ಬಿಟ್ಟು ಹೊಗಳುತ್ತೇನೆ. ನಮ್ಮ ಅಮ್ಮನ ಕಣ್ಣು ಹೋಗಿಬಿಡಬಹುದಾಗಿದ್ದ ಒಂದು ಸೋಮವಾರ ಅವಳು ಏನು ಮಾಡಿದಳೆಂದು ಕೇಳಿದರೆ ನೀವೂ ಹೊಗಳುತ್ತೀರಿ.

ಚಿಕ್ಕಮ್ಮ ಎಂದರೆ ಅಮ್ಮನ ತಂಗಿ. ಅಮ್ಮನಿಗಿಂತ ಹನ್ನೊಂದು ವರ್ಷ ಚಿಕ್ಕವಳು. ಪೇಟೆಬೀದಿಯ ಒಂದು ಕಟ್ಟಡದ ಮಹಡಿಯಲ್ಲಿ ರಕ್ತಪರೀಕ್ಷೆಯ ಲ್ಯಾಬಿದೆ. ಕೆಳಗಡೆ ಕ್ಲಿನಿಕ್ಕು, ಪಕ್ಕದಲ್ಲಿ ಔಷಧಿ ಅಂಗಡಿ. ಆ ಲ್ಯಾಬಿಗೆ ಅವಳು ಮೊದಲು ಸೇರಿದ್ದು ಗಾಜಿನ ಸಾಮಾನು ತೊಳೆಯಲು. ತೊಳೆಯುತ್ತ ತೊಳೆಯುತ್ತ ಯಾವ ನಳಿಕೆಯಲ್ಲಿ ಏನು ನೋಡುತ್ತಾರೆ, ಯಾಕೆ ನೋಡುತ್ತಾರೆ ಎಂದು ಕೇಳಿ ಕೇಳಿ ಎಲ್ಲರ ಪ್ರಾಣ ತಿಂದಳಂತೆ. ಕೊನೆಗೆ ಆಗಿದ್ದ ಟೆಕ್ನಿಶಿಯನ್ನೇ ಬೇಸತ್ತು, "ಅಮ್ಮಾ, ನೀನು ಹೋಗಿ ಪರೀಕ್ಷೆ ಕಟ್ಟು, ನನ್ನ ತಲೆ ಬಿಡು" ಎಂದರು. ಕಟ್ಟಿದಳು, ಪಾಸಾದಳು. ಈಗ ಅವಳು ಆ ಲ್ಯಾಬಿನಲ್ಲಿ ಇಪ್ಪತ್ತೊಂಬತ್ತು ವರ್ಷ ಹಳಬಳು.

ಜನ ಅವಳನ್ನು ಮಿಲಿಮೀಟರ್ ಮೇಡಂ ಎಂದು ಕರೆಯುತ್ತಾರೆ. ಅದಕ್ಕೆ ಕಾರಣ ಇಎಸ್‌ಆರ್ ಎಂಬ ಪರೀಕ್ಷೆ. ದೊಡ್ಡ ಲ್ಯಾಬುಗಳಲ್ಲಿ ಇದಕ್ಕೂ ಯಂತ್ರ ಬಂದಿದೆಯಂತೆ. ಇಲ್ಲಿ ಇನ್ನೂ ಹಳೆಯ ಕ್ರಮವೇ. ಹೆಪ್ಪುಗಟ್ಟದ ಹಾಗೆ ಔಷಧಿ ಬೆರೆಸಿದ ರಕ್ತವನ್ನು ಉದ್ದನೆಯ ಸಣ್ಣ ಗಾಜಿನ ನಳಿಕೆಗೆ ಏರಿಸಿ, ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸುತ್ತಾರೆ. ಕೆಂಪು ಕಣಗಳು ಮೆಲ್ಲಗೆ ಕೆಳಗಿಳಿಯುತ್ತವೆ, ಮೇಲೆ ಹಳದಿ ನೀರು ಉಳಿಯುತ್ತದೆ. ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಇಳಿಯಿತು ಎಂಬುದೇ ಲೆಕ್ಕ. ಮೈಯಲ್ಲಿ ಎಲ್ಲಾದರೂ ಉರಿಯೂತವಿದ್ದರೆ ರಕ್ತಕ್ಕೆ ಒಂದು ಬಗೆಯ ಅಂಟು ಸೇರಿಕೊಂಡು ಕಣಗಳು ತಟ್ಟೆಗಳನ್ನು ಜೋಡಿಸಿಟ್ಟಂತೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಭಾರವಾಗಿ ಬೇಗ ಇಳಿಯುತ್ತವೆ. ಆಗ ಅಂಕಿ ಏರುತ್ತದೆ.

ಏರಿದ ಅಂಕಿ ನೋಡಿ ಜನ ಹೌಹಾರುತ್ತಾರೆ. ಒಮ್ಮೆ ನಾನು ಅಲ್ಲಿದ್ದಾಗ ಬಸ್ ಕಂಡಕ್ಟರೊಬ್ಬರು ಮೂವತ್ತನಾಲ್ಕು ಎಂದು ಬರೆದ ರಿಪೋರ್ಟು ಹಿಡಿದು ಮೆಟ್ಟಿಲು ಹತ್ತಿ ಬಂದರು. ಮೊಬೈಲಿನಲ್ಲಿ ಓದಿ, ಯಾವ ಯಾವ ಕಾಯಿಲೆಗೆ ಇಷ್ಟು ಏರುತ್ತದೆ ಎಂದು ಪಟ್ಟಿ ಮಾಡಿಕೊಂಡಿದ್ದರು. ಮುಖದಲ್ಲಿ ರಕ್ತವಿರಲಿಲ್ಲ.

"ಮೇಡಂ, ನನ್ನ ಕಥೆ ಮುಗೀತಾ?"

"ಇದು ಕಾಯಿಲೆ ಹೆಸರು ಹೇಳೋ ಪರೀಕ್ಷೆ ಅಲ್ಲ" ಎಂದಳು ಚಿಕ್ಕಮ್ಮ. "ಯಾರೋ ಬಾಗಿಲು ಬಡೀತಿದಾರೆ ಅಂತ ಹೇಳುತ್ತೆ, ಅಷ್ಟೇ. ಅಂಚೆಯವರೋ ಕಳ್ಳರೋ ಅಂತ ಎದ್ದು ಹೋಗಿ ನೋಡಬೇಕು. ಅದನ್ನ ನೋಡೋದು ಡಾಕ್ಟ್ರು. ಅದಿರಲಿ, ನಿಮ್ಮ ಕೆನ್ನೆ ಯಾಕೆ ಊದಿದೆ?"

"ಹಲ್ಲು ನೋವು. ಹದಿನೈದು ದಿನ ಆಯ್ತು."

"ಡಾಕ್ಟ್ರಿಗೆ ಅದನ್ನ ಹೇಳಿದ್ರಾ?"

"ಹಲ್ಲಿನ ವಿಷಯ ಯಾಕೆ ಹೇಳಬೇಕು ಅಂತ ಬಿಟ್ಟೆ."

"ಈಗಲೇ ಕೆಳಗೆ ಹೋಗಿ ಹೇಳಿ. ನಿಮ್ಮ ಪಟ್ಟೀಲಿ ಅದೊಂದು ಬಿಟ್ಟು ಎಲ್ಲಾ ಬರೆದಿದೀರಿ." ಕಂಡಕ್ಟರು ಆ ಪಟ್ಟಿಯನ್ನು ಮಡಚಿ ಜೇಬಿನ ಆಳಕ್ಕೆ ತುರುಕಿದರು.

ನಳಿಕೆ ನೆಟ್ಟಗೆ ನಿಲ್ಲುವುದು ಈ ಪರೀಕ್ಷೆಯ ಜೀವಾಳ. ಸ್ವಲ್ಪ ವಾಲಿದರೂ ಕಣಗಳು ಗಾಜಿನ ಗೋಡೆ ಹಿಡಿದು ಜಾರುತ್ತವೆ, ಇಲ್ಲದ ಅಂಕಿ ಬರುತ್ತದೆ. ಹಾಗಾಗಿ ಚಿಕ್ಕಮ್ಮ ದಿನಾ ಬೆಳಿಗ್ಗೆ ಸ್ಟ್ಯಾಂಡಿನ ಮೇಲೆ ರಸಮಟ್ಟ ಇಡುತ್ತಾಳೆ. ಗೋಡೆ ಕಟ್ಟುವವರು ಕಲ್ಲು ಸಮವಾಗಿದೆಯೋ ಇಲ್ಲವೋ ಎಂದು ನೋಡುವ, ಒಳಗೊಂದು ಗುಳ್ಳೆ ಓಡಾಡುವ ಪಟ್ಟಿ. ಅದು ಅವಳ ಕೈಗೆ ಬಂದದ್ದು ಚಿಕ್ಕಪ್ಪನಿಂದ. ಚಿಕ್ಕಪ್ಪ ಗಾರೆ ಕೆಲಸದ ಮೇಸ್ತ್ರಿ. ಮಾತು ಕಮ್ಮಿ, ಕೈ ಚುರುಕು. ಅವರು ಕಟ್ಟಿದ ಮೆಟ್ಟಿಲ ಮೇಲೆ ಕಣ್ಣು ಮುಚ್ಚಿಕೊಂಡು ಇಳಿಯಬಹುದು ಎಂದು ಅಮ್ಮನೇ ಹೇಳುತ್ತಾಳೆ, ಅಮ್ಮ ಯಾರನ್ನೂ ಸುಮ್ಮನೆ ಮೆಚ್ಚುವವಳಲ್ಲ.

ಅಮ್ಮ ದರ್ಜಿ. ಅರವತ್ತೆಂಟು ವಯಸ್ಸು. ಶಾಲೆಗಳ ಸಮವಸ್ತ್ರ ಹೊಲಿಯುತ್ತಾಳೆ. ಆ ತಿಂಗಳು ಅವಳಿಗೆ ತಲೆನೋವು ಶುರುವಾಗಿತ್ತು. ಕಿವಿಯ ಮೇಲ್ಗಡೆ, ಎಡಭಾಗದಲ್ಲಿ. ತಲೆ ಬಾಚಿದರೂ ನೋವು. ನಾಲ್ಕು ತುತ್ತು ಅಗಿಯುವಷ್ಟರಲ್ಲಿ ದವಡೆ ಸೋತುಹೋಗುತ್ತಿತ್ತು. ಮಿಷನ್ ತುಳಿದದ್ದು ಹೆಚ್ಚಾಯಿತು ಎಂದು ಅವಳೇ ತೀರ್ಮಾನ ಮಾಡಿಕೊಂಡು ಮೂರು ವಾರ ತಳ್ಳಿದಳು. ಕೊನೆಗೆ ಶನಿವಾರ ನಾನೇ ರೇಗಾಡಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ ಅವಳ ಕಣತಲೆ ಮುಟ್ಟಿ ನೋಡಿ, ಇಎಸ್‌ಆರ್ ಬರೆದುಕೊಟ್ಟರು. ಸೋಮವಾರ ಬೆಳಿಗ್ಗೆ ರಕ್ತ ಕೊಟ್ಟು, ಸಂಜೆ ಐದಕ್ಕೆ ರಿಪೋರ್ಟು ತರಲು ಹೇಳಿದರು.

ಈ ನಡುವೆ ಭಾನುವಾರ ಲ್ಯಾಬಿನಲ್ಲಿ ಒಂದು ಕೆಲಸ ನಡೆಯಿತು. ಅಲ್ಲಿನ ಮರದ ಮೇಜು ಹಳೆಯದಾಗಿ ಒಂದು ಕಡೆಗೆ ವಾಲಿಕೊಂಡಿತ್ತು. ಚಿಕ್ಕಮ್ಮ ಸ್ಟ್ಯಾಂಡಿನ ಅಡಿಯ ತಿರುಪುಗಳನ್ನು ಆ ವಾಲಿಕೆಗೆ ಸರಿಯಾಗಿ ತಿರುಗಿಸಿ ಎಷ್ಟೋ ವರ್ಷ ಕೆಲಸ ತೆಗೆದಿದ್ದಳು. ಈಗ ಮೇಜು ತೆಗೆಸಿ ಗೋಡೆಗೆ ಸೇರಿಸಿ ಕಲ್ಲು ಹಾಸಿಸಿದರು. ಹಾಸಿದ್ದು ನಮ್ಮ ಚಿಕ್ಕಪ್ಪನೇ. ಇಡೀ ದಿನ ಕೂತು, ಅಂಚು ಉಜ್ಜಿ, ಹೆಂಡತಿ ಕೆಲಸ ಮಾಡುವ ಜಾಗವೆಂದು ಒಂದು ಪಟ್ಟು ಹೆಚ್ಚೇ ಅಕ್ಕರೆಯಿಂದ ಮಾಡಿದರು. ಪಕ್ಕದಲ್ಲೇ ತೊಳೆಯುವ ತೊಟ್ಟಿ ಇತ್ತಲ್ಲ, ಚೆಲ್ಲಿದ ನೀರು ನಿಲ್ಲದೆ ಅತ್ತ ಹರಿದುಹೋಗಲಿ ಎಂದು ಕಲ್ಲಿಗೆ ಚೆನ್ನಾಗಿ ವಾಟ ಕೊಟ್ಟರು. ಮೇಸ್ತ್ರಿಗಳು ಅಡುಗೆಮನೆ ಕಟ್ಟೆಗೆ, ಬಚ್ಚಲಿಗೆ ಇಳಿಜಾರು ಕೊಡುತ್ತಾರಲ್ಲ, ಅದಕ್ಕೆ ವಾಟ ಎನ್ನುತ್ತಾರೆ. ವಾಟ ಇಲ್ಲದ ಕಟ್ಟೆ ಅವರ ಪಾಲಿಗೆ ಅರ್ಧಂಬರ್ಧ ಕೆಲಸ.

ಸೋಮವಾರ ಬೆಳಿಗ್ಗೆ ಚಿಕ್ಕಮ್ಮ ಸ್ಟ್ಯಾಂಡನ್ನು ಹೊಸ ಕಲ್ಲಿನ ಮೇಲೆ ಇಟ್ಟಳು. ರಸಮಟ್ಟ ಕೈಗೆತ್ತಿಕೊಂಡಿದ್ದಳು. ಕೆಲಸ ನೋಡಿಕೊಂಡು ಹೋಗೋಣ ಎಂದು ಬಂದಿದ್ದ ಚಿಕ್ಕಪ್ಪ ಬಾಗಿಲಲ್ಲಿ ನಿಂತಿದ್ದರು. ಗಂಡ ಹಾಸಿದ ಕಲ್ಲನ್ನು ಅವರ ಕಣ್ಣೆದುರೇ ಅಳೆದರೆ ಅವರಿಗೆ ಎಷ್ಟು ಬೇಜಾರಾದೀತು ಎಂದು ರಸಮಟ್ಟವನ್ನು ಮೆಲ್ಲಗೆ ಡ್ರಾಯರಿಗೆ ಸೇರಿಸಿದಳು. ಇಷ್ಟು ವರ್ಷದಲ್ಲಿ ಅಳೆಯದೆ ಬಿಟ್ಟದ್ದು ಅದೊಂದೇ ಬೆಳಿಗ್ಗೆ.

ಅವತ್ತು ಇಎಸ್‌ಆರ್‌ಗೆ ಬಂದವರು ಆರು ಜನ. ಅಮ್ಮನದು ನೂರ ಹನ್ನೆರಡು ಬಂತು. ಅವಳ ವಯಸ್ಸಿಗೆ ಮೂವತ್ತರ ಆಸುಪಾಸು ಇರಬೇಕಿತ್ತು. ಚಿಕ್ಕಮ್ಮ ರಿಪೋರ್ಟು ಬರೆದು, ಮಧ್ಯಾಹ್ನವೇ ನನಗೆ ಫೋನು ಮಾಡಿ, "ಐದು ಗಂಟೆ ತಪ್ಪಿಸಬೇಡ, ಅಕ್ಕನ್ನ ಕರ್ಕೊಂಡೇ ಬಾ" ಎಂದಳು. ನಾನು ಪ್ರೆಸ್ಸಿಗೆ ರಜೆ ಹೇಳಿ ಮನೆಗೆ ಓಡಿದೆ.

ಎರಡು ಗಂಟೆಗೆ ಅವಳು ರಿಜಿಸ್ಟರಿನಲ್ಲಿ ಬೆಳಗಿನ ಅಂಕಿಗಳನ್ನು ಮತ್ತೊಮ್ಮೆ ಓದಿದಳು. ಆರರಲ್ಲಿ ಒಂದೂ ಮೂವತ್ತಕ್ಕೆ ಕಮ್ಮಿ ಇರಲಿಲ್ಲ. ಕೆಲಸಕ್ಕೆ ಸೇರಲು ಆರೋಗ್ಯಪತ್ರ ಬೇಕೆಂದು ಬಂದಿದ್ದ ಈಜುಗಾರನದೂ ಮೂವತ್ತೊಂದು. ಎಲ್ಲರಿಗೂ ಒಂದೇ ದಿನ ಉರಿಯೂತ ಬರಲು ಹೇಗೆ ಸಾಧ್ಯ? ಡ್ರಾಯರು ತೆಗೆದು ರಸಮಟ್ಟ ಇಟ್ಟಳು. ಗುಳ್ಳೆ ಓಡಿಹೋಗಿ ಮೂಲೆ ಸೇರಿತು. ಹಳೆಯ ಮೇಜಿನ ವಾಲಿಕೆಗಾಗಿ ತಿರುಗಿಸಿದ್ದ ತಿರುಪುಗಳು ಸ್ಟ್ಯಾಂಡನ್ನು ಒಂದು ಕಡೆಗೆ ಓರೆ ಮಾಡಿದ್ದವು, ಕಲ್ಲಿನ ವಾಟವೂ ಅದೇ ಕಡೆಗಿತ್ತು. ಎರಡೂ ಸೇರಿ ನಳಿಕೆಗಳು ಚೆನ್ನಾಗಿಯೇ ವಾಲಿದ್ದವು.

ಇಲ್ಲಿ ನನ್ನ ವಿಷಯ ಹೇಳಿಬಿಡುತ್ತೇನೆ. ಪುಸ್ತಕ ಅಚ್ಚಾದ ಮೇಲೆ ನಾನು ಬಿಟ್ಟ ತಪ್ಪು ನನಗೇ ಕಂಡರೆ, ಪುಟ ಮಗುಚಿ ಸುಮ್ಮನಾಗುತ್ತೇನೆ. ಯಾರೂ ನೋಡಲಿಕ್ಕಿಲ್ಲ ಎಂದುಕೊಳ್ಳುತ್ತೇನೆ. ಚಿಕ್ಕಮ್ಮ ಸೀದಾ ಲ್ಯಾಬಿನ ಯಜಮಾನರ ಕೋಣೆಗೆ ಹೋದಳು.

"ಸರ್, ಬೆಳಗಿನ ಆರೂ ಇಎಸ್‌ಆರ್ ತಪ್ಪು. ಸ್ಟ್ಯಾಂಡ್ ವಾಲಿತ್ತು, ನಾನು ನೋಡಲಿಲ್ಲ. ಆರೂ ಜನರನ್ನ ಮತ್ತೆ ಕರೀಬೇಕು."

ಯಜಮಾನರು ಕನ್ನಡಕ ತೆಗೆದರು. "ರಿಪೋರ್ಟು ಹೋಗಿ ಆಯ್ತಲ್ಲಮ್ಮ. ಇಎಸ್‌ಆರ್ ಜಾಸ್ತಿ ಬಂತು ಅಂತ ಯಾರೂ ಸಾಯಲ್ಲ. ಫೋನ್ ಮಾಡಿ ತಪ್ಪಾಯ್ತು ಅಂದ್ರೆ ನಾಳೆಯಿಂದ ನಮ್ಮ ಮೆಟ್ಟಿಲು ಯಾರು ಹತ್ತುತಾರೆ?"

"ಇಲ್ಲದ ಕಾಯಿಲೆಗೆ ಅವರು ಆಸ್ಪತ್ರೆ ಸುತ್ತಬೇಕಾಗುತ್ತೆ ಸರ್."

"ನಿನ್ನ ಅಕ್ಕನದೂ ಅದರಲ್ಲಿದೆ ಅಂತ ಹೀಗಾಡ್ತಿದೀಯ."

"ಅಕ್ಕನದು ಇಲ್ಲದಿದ್ರೂ ಕರೀತಿದ್ದೆ. ತಪ್ಪು ಲ್ಯಾಬಿಂದು ಅಂತ ಹೇಳಲ್ಲ, ನಂದು ಅಂತಲೇ ಹೇಳ್ತೀನಿ. ಕೆಲಸದಿಂದ ತೆಗೀಬೇಕು ಅನಿಸಿದ್ರೆ ನಾಳೆ ತೆಗೀರಿ. ಇವತ್ತು ಫೋನ್ ಮಾಡೋಕೆ ಬಿಡಿ."

ಅವರು ಕನ್ನಡಕ ಹಾಕಿಕೊಂಡು ಮುಂದಿದ್ದ ಕಾಗದ ಎಳೆದುಕೊಂಡರು. ಅದನ್ನೇ ಒಪ್ಪಿಗೆ ಎಂದು ತಿಳಿದು ಅವಳು ಫೋನಿಗೆ ಕೂತಳು. ಬೆಳಗಿನ ರಕ್ತ ಉಳಿದಿತ್ತು, ಆದರೆ ನಾಲ್ಕು ಗಂಟೆ ಮೀರಿದ ರಕ್ತ ಈ ಪರೀಕ್ಷೆಗೆ ಆಗುವುದಿಲ್ಲ. ಹೊಸದಾಗಿಯೇ ತೆಗೆಯಬೇಕು. ಮೂವರು ಹತ್ತಿರದವರು, ಈಗಲೇ ಬರುತ್ತೇವೆ ಎಂದರು. ಇಬ್ಬರು ನಾಳೆ ಬರುವುದಾಗಿ ಒಪ್ಪಿದರು. ಅವರಲ್ಲೊಬ್ಬರು ಬಾಯಿಗೆ ಬಂದಂತೆ ಬೈದರಂತೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಸಿರಿಂಜು ತೆಗೆದುಕೊಂಡು ನಮ್ಮ ಮನೆಗೆ ನಡೆದೇ ಬಂದಳು.

ಅಮ್ಮ ಮಿಷನ್ ಮುಂದೆ ಕೂತು ಕಾಲರು ಕೂಡಿಸುತ್ತಿದ್ದಳು. ಸುತ್ತ ನೀಲಿ ಬಟ್ಟೆಯ ರಾಶಿ. ಚಿಕ್ಕಮ್ಮ ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಅಮ್ಮನ ಮುಖ ಇಷ್ಟಗಲವಾಯಿತು.

"ಹಾಗಾದ್ರೆ ನನಗೇನೂ ಇಲ್ಲ! ನಿನ್ನ ಗಂಡನ ಕಲ್ಲು ಸೊಟ್ಟ, ನನ್ನ ರಕ್ತ ನೆಟ್ಟಗಿದೆ. ಲೇ, ಇವಳು ಬೇರೆ ರಜೆ ಹಾಕಿ ಬಂದು ಅಳೋ ಮುಖ ಮಾಡ್ಕೊಂಡು ಕೂತಿದಾಳೆ" ಎಂದು ನನ್ನತ್ತ ನೋಡಿ ನಕ್ಕಳು.

"ಅಕ್ಕ, ಅಂಕಿ ತಪ್ಪು ಅಂದೆ. ನಿನಗೇನೂ ಇಲ್ಲ ಅಂತ ಹೇಳಲಿಲ್ಲ. ಕೈ ಕೊಡು."

"ಹೋಗೇ. ಬೆಳಿಗ್ಗೆ ಚುಚ್ಚಿದ್ದು ಸಾಲದಾ? ಗುರುವಾರಕ್ಕೆ ನಲವತ್ತು ಅಂಗಿ ಕೊಡಬೇಕು. ಐದು ಗಂಟೆಗೂ ಬರಲ್ಲ ನಾನು. ಸುಳ್ಳು ರಿಪೋರ್ಟು ಹಿಡ್ಕೊಂಡು ಯಾವ ಡಾಕ್ಟ್ರ ಹತ್ರ ಹೋಗಲಿ?"

ನನಗೆ ಚಿಕ್ಕಮ್ಮನ ಮೇಲೇ ಸಿಟ್ಟು ಬಂತು. ಬಾಯಿ ಮುಚ್ಚಿಕೊಂಡಿದ್ದರೆ ಅಮ್ಮ ಸುಮ್ಮನೆ ಡಾಕ್ಟರ ಬಳಿಗೆ ಬರುತ್ತಿದ್ದಳು. ಸತ್ಯ ಹೇಳಿ ಅವಳೇ ಅಮ್ಮನಿಗೆ ತಪ್ಪಿಸಿಕೊಳ್ಳುವ ದಾರಿ ಮಾಡಿಕೊಟ್ಟಿದ್ದಳು. ಅದನ್ನೇ ಅಡುಗೆಮನೆಗೆ ಕರೆದು ಪಿಸುಗುಟ್ಟಿದೆ. ಅವಳು ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳಲೇ ಇಲ್ಲ. ಬಾಗಿಲಲ್ಲಿ ನಿಂತು ಅಕ್ಕನನ್ನೇ ನೋಡುತ್ತಿದ್ದಳು.

ಅಮ್ಮ ದಾರ ಪೋಣಿಸುತ್ತಿದ್ದವಳು ನಿಲ್ಲಿಸಿದಳು. ಸೂಜಿಯನ್ನು ಬೆಳಕಿಗೆ ಹಿಡಿದಳು, ಕಣ್ಣು ಉಜ್ಜಿದಳು, ಮತ್ತೆ ಹಿಡಿದಳು.

"ಏನಾಯ್ತಕ್ಕ?"

"ಏನಿಲ್ಲ. ಎಡಗಣ್ಣಿಗೆ ಆಗಾಗ ಹೀಗಾಗುತ್ತೆ. ಪರದೆ ಎಳೆದ ಹಾಗೆ. ಒಂದು ನಿಮಿಷಕ್ಕೆ ಹೋಗುತ್ತೆ."

"ಯಾವಾಗಿಂದ?"

"ನಿನ್ನೆಯಿಂದ. ಇವತ್ತು ಎರಡು ಸಲ."

ಚಿಕ್ಕಮ್ಮ ಅಮ್ಮನ ಎದುರು ದನಿ ಏರಿಸಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವತ್ತು ಕೇಳಿದೆ. "ಮಿಷನ್ ನಿಲ್ಸು! ಕಣ್ಣು ಹೋದ್ಮೇಲೆ ನಲವತ್ತು ಅಂಗಿ ಯಾರು ಹೊಲೀತಾರೆ? ತಲೆನೋವು, ದವಡೆ ನೋವು, ಈಗ ಕಣ್ಣಿಗೆ ಪರದೆ. ಇಂಥವರ ರಕ್ತ ನಾನು ಮೊದಲೂ ನೋಡಿದೀನಿ ಅಕ್ಕ. ಒಬ್ಬರು ತಡ ಮಾಡಿ ಬಂದ್ರು, ಎರಡೂ ಕಣ್ಣು ಹೋಯ್ತು. ಚಾಚು ಕೈ!"

ಅಮ್ಮ ಬೆರಗಾಗಿ ಕೈ ಚಾಚಿದಳು. ಚಿಕ್ಕಮ್ಮ ಒಂದೇ ಸಲಕ್ಕೆ ರಕ್ತ ತೆಗೆದು ಹತ್ತಿ ಒತ್ತಿದಳು. ಹೊರಡುವ ಮೊದಲು ಡಾಕ್ಟರಮ್ಮನಿಗೆ ಫೋನು ಮಾಡಿ ಕಣ್ಣಿನ ವಿಷಯ ತಿಳಿಸಿದಳು. "ಈಗಲೇ ಕರ್ಕೊಂಡು ಬನ್ನಿ, ನಾನೂ ಬರ್ತಿದೀನಿ" ಎಂದರು ಅವರು.

ಲ್ಯಾಬಿನಲ್ಲಿ ಚಿಕ್ಕಪ್ಪ ಆಗಲೇ ಬಂದು ಕೂತಿದ್ದರು. ಯಾರು ಹೇಳಿದರೋ, ಮುಖ ಸಣ್ಣಗಾಗಿತ್ತು. "ಕಲ್ಲು ಕಿತ್ತು ಹಾಕ್ತೀನಿ" ಎಂದರು.

"ನಿಮ್ಮ ಕಲ್ಲಿಗೆ ಏನೂ ಆಗಿಲ್ಲ ರೀ. ಕಟ್ಟೆಗೆ ವಾಟ ಕೊಡದೆ ಇನ್ನೇನು ಕೊಡ್ತಾರೆ? ಅಳೆಯದೆ ಇಟ್ಟವಳು ನಾನು. ಬನ್ನಿ, ಸ್ಟ್ಯಾಂಡ್ ಹಿಡ್ಕೊಳ್ಳಿ."

ಗಂಡ ಹೆಂಡತಿ ಇಬ್ಬರೂ ಬಗ್ಗಿ ಕೂತರು. ಅವಳು ತಿರುಪು ತಿರುಗಿಸಿದಳು, ಅವರು ರಸಮಟ್ಟದ ಗುಳ್ಳೆ ನೋಡಿದರು. ಅಷ್ಟಕ್ಕೆ ಸಮಾಧಾನವಾಗದೆ ಚಿಕ್ಕಪ್ಪ ಚೀಲದಿಂದ ದಾರಕ್ಕೆ ಕಟ್ಟಿದ ಗುಂಡು ತೆಗೆದು, ಗೋಡೆಯ ಮೂಲೆ ನೋಡುವಂತೆ ಒಂದು ಕಣ್ಣು ಮುಚ್ಚಿ ನಳಿಕೆಯ ಪಕ್ಕ ಇಳಿಬಿಟ್ಟರು. ದಾರವೂ ಗಾಜೂ ಒಂದೇ ಗೆರೆಯಾಗುವವರೆಗೆ ಬಿಡಲಿಲ್ಲ. ಸಾವಿರ ಗೋಡೆ ಕಟ್ಟಿದ ಕೈ ಒಂದು ನಳಿಕೆ ನಿಲ್ಲಿಸಲು ಬೆವರಿತು.

ಡಾಕ್ಟರಮ್ಮ ಬಂದು ಅಮ್ಮನನ್ನು ಕ್ಲಿನಿಕ್ಕಿನ ಮಂಚದ ಮೇಲೆ ಮಲಗಿಸಿ ಪರೀಕ್ಷೆ ಮಾಡಿದರು, ಕಣ್ಣಾಸ್ಪತ್ರೆಗೆ ಫೋನು ಮಾಡಿದರು. ಉರಿಯೂತಕ್ಕೇ ಸಿಆರ್‌ಪಿ ಎಂಬ ಇನ್ನೊಂದು ಪರೀಕ್ಷೆ ಇದೆ, ಅದರ ಯಂತ್ರ ಈ ಲ್ಯಾಬಿನಲ್ಲಿಲ್ಲ. ಅದಕ್ಕೆ ರಕ್ತ ಕಳಿಸಿದರು, ಉತ್ತರ ನಾಳೆ ಬರುತ್ತದೆ. ಗಂಟೆಯೊಳಗೆ ಉತ್ತರ ಹೇಳುವುದು ಚಿಕ್ಕಮ್ಮನ ನಳಿಕೆಯೊಂದೇ.

ನಾನೂ ಅಮ್ಮನೂ ಮೇಲೆ ಹೋಗಿ ಬೆಂಚಿನ ಮೇಲೆ ಕೂತೆವು. ಸ್ಟ್ಯಾಂಡಿನಲ್ಲಿ ನಾಲ್ಕು ನಳಿಕೆ ನಿಂತಿದ್ದವು, ಮೂರು ಬೇರೆಯವರದು, ಕೊನೆಯದು ಅಮ್ಮನದು. ಹತ್ತು ನಿಮಿಷಕ್ಕೆ ಎಲ್ಲ ಒಂದೇ ಥರ ಕಂಡವು. ಅರ್ಧ ಗಂಟೆಗೆ ಅಮ್ಮನದು ಉಳಿದವನ್ನು ಬಿಟ್ಟು ಕೆಳಗೆ ಹೋಗತೊಡಗಿತು. ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ. ಅಮ್ಮ ತಿರುಗಿಸಲಿಲ್ಲ. ಐವತ್ತೈದು ನಿಮಿಷಕ್ಕೆ ನಾನು "ಸಾಕು, ನೋಡಿಬಿಡು ಚಿಕ್ಕಮ್ಮ" ಎಂದೆ. ಅವಳು ಗಡಿಯಾರದಿಂದ ಕಣ್ಣು ತೆಗೆಯದೆ, "ಇನ್ನೂ ಐದಿದೆ" ಎಂದಳು.

ಗಂಟೆ ತುಂಬಿತು. ಮೊದಲ ಮೂರು ಓದಿ ಬರೆದಳು. ಈಜುಗಾರನದು ಒಂಬತ್ತು, ಇನ್ನೊಬ್ಬರದು ಹನ್ನೆರಡು, ಮತ್ತೊಬ್ಬರದು ಹದಿನೆಂಟು. ನಾಲ್ಕನೆಯದಕ್ಕೆ ಬಗ್ಗಿದವಳು ಎದ್ದು ನಿಂತು, "ಅಕ್ಕ, ನೀನೇ ಓದು" ಎಂದಳು.

ಅಮ್ಮ ಎದ್ದು ಹೋದಳು. ಐವತ್ತು ವರ್ಷ ಟೇಪು ಹಿಡಿದವಳು, ಅಳತೆಯ ಗೆರೆಗಳ ಎದುರು ವಾದ ಮಾಡುವವಳಲ್ಲ. ಗೆರೆಗೆ ಕಣ್ಣು ಸಮ ಮಾಡಿಕೊಂಡು ನಿಧಾನವಾಗಿ ಎಣಿಸಿದಳು.

"ತೊಂಬತ್ತಾರು" ಎಂದಳು. ಆಮೇಲೆ ಮೆಲ್ಲಗೆ, "ಇದು ನಿಜಾನೇನೇ?" ಎಂದು ಕೇಳಿದಳು.

"ನಿಜ ಅಕ್ಕ."

ಡಾಕ್ಟರಮ್ಮ ಅಂಕಿ ಬರೆದ ಚೀಟಿಯನ್ನಷ್ಟೇ ನೋಡಿ ಬಿಡಲಿಲ್ಲ. ಮಹಡಿ ಹತ್ತಿ ಬಂದು ನಾಲ್ಕು ನಳಿಕೆಗಳನ್ನೂ ಪಕ್ಕಪಕ್ಕದಲ್ಲಿ ನೋಡಿದರು. ಬಾಗಿಲಲ್ಲಿ ಯಜಮಾನರು ನಿಂತಿದ್ದರು. "ಬೆಳಿಗ್ಗೆ ಆರೂ ಜಾಸ್ತಿ ಬಂದಿದ್ದನ್ನ ಇವರು ಬಚ್ಚಿಟ್ಟಿದ್ರೆ, ಈ ಲ್ಯಾಬಿನ ಯಾವ ಅಂಕೀನ ನಾನು ನಂಬಲಿ ಹೇಳಿ?" ಎಂದು ಅವರಿಗೆ ಕೇಳುವಂತೆಯೇ ಹೇಳಿದರು. "ಈಗ ಈ ತೊಂಬತ್ತಾರನ್ನ ಕಣ್ಣು ಮುಚ್ಚಿ ನಂಬ್ತೀನಿ." ಯಜಮಾನರು ತಾವೇ ಹೋಗಿ ಅಮ್ಮನಿಗೆ ಕುಡಿಯಲು ನೀರು ತಂದುಕೊಟ್ಟರು.

ಕಣತಲೆಯ ರಕ್ತನಾಳಕ್ಕೆ ಉರಿಯೂತವಾಗಿರುವ ಹಾಗಿದೆ, ಅದು ಕಣ್ಣಿಗೆ ಹೋಗುವ ರಕ್ತವನ್ನು ತಡೆಯುತ್ತದೆ, ಇದರಲ್ಲಿ ಒಂದು ದಿನವೂ ಕಾಯುವಂತಿಲ್ಲ ಎಂದು ಡಾಕ್ಟರಮ್ಮ ವಿವರಿಸಿದರು. ಮೊದಲ ಮಾತ್ರೆಗಳನ್ನು ಅಮ್ಮ ಅಲ್ಲೇ ನುಂಗಿದಳು. ಅಲ್ಲಿಂದ ನೇರ ಕಣ್ಣಾಸ್ಪತ್ರೆಗೆ ಹೋದೆವು. ಮರುದಿನ ಸಿಆರ್‌ಪಿಯೂ ಬಂತು. ಹತ್ತರೊಳಗೆ ಇರಬೇಕಾದದ್ದು ಎಂಬತ್ತನಾಲ್ಕು ಇತ್ತು. ಆಮೇಲೆ ರಕ್ತನಾಳದ ಒಂದು ಚೂರು ತೆಗೆದು ನೋಡಿ ಅದೇ ಕಾಯಿಲೆ ಎಂದು ಖಚಿತಪಡಿಸಿದರು.

ಹತ್ತು ದಿನದ ಮೇಲೆ ಕಣ್ಣಾಸ್ಪತ್ರೆಯಲ್ಲಿ ಮತ್ತೆ ತೋರಿಸಬೇಕಿತ್ತು. ತಲೆನೋವು ಎರಡನೇ ದಿನಕ್ಕೇ ಬಿಟ್ಟಿತ್ತು. ಕಣ್ಣಿನದೇ ಭಯ. ಚಿಕ್ಕಮ್ಮ ರಜೆ ಹಾಕಿ ಬಂದಿದ್ದಳು. ಕಣ್ಣಿನ ಡಾಕ್ಟರು ಅಮ್ಮನ ಬಲಗಣ್ಣು ಮುಚ್ಚಿಸಿ, ಗೋಡೆಯ ಮೇಲಿನ ಅಕ್ಷರ ಓದಲು ಹೇಳಿದರು. ಅಮ್ಮ ಎಡಗಣ್ಣಿನಿಂದ ಓದುತ್ತ ಹೋದಳು. ದೊಡ್ಡ ಸಾಲು, ಅದರ ಕೆಳಗಿನದು, ಅದರ ಕೆಳಗಿನದು. ಬಾಗಿಲ ಬಳಿ ನಿಂತಿದ್ದ ಚಿಕ್ಕಮ್ಮ ತುಟಿ ಆಡಿಸುತ್ತಿದ್ದಳು, ಎಲ್ಲಿ ಅಕ್ಕ ತಡವರಿಸುತ್ತಾಳೋ ಎಂದು. ಕೊನೆಯ ಸಾಲಿನ ಚಿಕ್ಕ ಅಕ್ಷರಗಳನ್ನೂ ಅಮ್ಮ ಕನ್ನಡಕದಲ್ಲಿ ತಪ್ಪಿಲ್ಲದೆ ಓದಿದಳು. ಓದಿ, ಇನ್ನೇನಾದರೂ ಇದೆಯಾ ಎನ್ನುವಂತೆ ಡಾಕ್ಟರ ಮುಖ ನೋಡಿದಳು.

"ಎರಡು ದಿನ ತಡ ಆಗಿದ್ರೆ ಈ ಕಣ್ಣು ಇರ್ತಿರಲಿಲ್ಲಮ್ಮ" ಎಂದರು ಅವರು.

ಅಮ್ಮ ತಿರುಗಿ ತಂಗಿಯನ್ನು ನೋಡಿದಳು. "ನಾನು ಅಷ್ಟು ಬೇಡ ಅಂದ್ರೂ ಚುಚ್ಚಿದ್ಯಲ್ಲೇ" ಎಂದಳು. ಚಿಕ್ಕಮ್ಮ "ಹೂಂ, ಚುಚ್ಚಿದೆ" ಎಂದವಳೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ಅಮ್ಮ ಎದ್ದು ಬಂದು ಅವಳನ್ನು ಎದೆಗೆ ಒತ್ತಿಕೊಂಡಳು.

ಹೊರಗೆ ಬೆಂಚಿನ ಮೇಲೆ ಯಾರೋ ಹಿರಿಯರು ಚೀಟಿ ಹಿಡಿದು ತಮ್ಮ ಸರದಿಗೆ ಕಾಯುತ್ತಿದ್ದರು. ತೆರೆದ ಬಾಗಿಲಿನಿಂದ ಒಳಗೆ ಇಣುಕಿ ನೋಡಿದರು. ಅವರು ನನ್ನನ್ನು ಏನೂ ಕೇಳಲಿಲ್ಲ. ನಾನೇ ತಡೆಯಲಾರದೆ ಹೇಳಿದೆ: "ಆ ಅಳ್ತಿದಾರಲ್ಲ, ಅವರು ನಮ್ಮ ಚಿಕ್ಕಮ್ಮ."